ಟೀಮು ಅದೇ, ಕ್ಯಾಪ್ಟನ್ ಬದಲಾಗ್ಯಾನ

ಸಂಗಪ್ಪಾ, ನಮ್ಮ ಇಳಕಲ್ ಟೀಮು ಸೋತದ್ದು ನಿನ್ನ ಕ್ಯಾಪ್ಟನ್ಸಿಯಿಂದಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಮೈಕು ಹಿಡಿದು ಊರಿಗೆಲ್ಲ ಸುಳ್ಳು ಹೇಳಿದೆ.

ಕ್ರಿಕೆಟ್ ವಿಷಯದಲ್ಲಿ ನನ್ನ ಅಂದಾಜು ತಪ್ಪುವುದಿಲ್ಲ — ಇದು ಜಂಬವಲ್ಲ... ಹೋಗಲಿ, ಜಂಬವೇ ಅನ್ನು. ನಾನು ಕ್ಯಾಪ್ಟನ್ ಆಗಿದ್ದಾಗ ಬಾದಾಮಿಯಿಂದ ಹುನಗುಂದದವರೆಗೆ ಎಲ್ಲ ಟೀಮುಗಳೂ ನಮ್ಮೆದುರು ಆಡಲು ಹಿಂದೆ ಮುಂದೆ ನೋಡುತ್ತಿದ್ದವು. ಅಂಥ ಟೀಮು ಒಳಗೊಳಗೇ ಮುಗಿದಿದೆ ಎಂದು ಎಲ್ಲರಿಗಿಂತ ಮೊದಲು ಕಂಡವನೂ ನಾನೇ.

ಬಾಗಲಕೋಟೆಯಲ್ಲಿ ಕಪ್ ಗೆದ್ದ ದಿನ ನಮ್ಮ ಬೌಲರ್ ಹುಸೇನ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಭುಜ ಮ್ಯಾಲಕ್ಕ ಏಳವಲ್ದು. ಯಾರಿಗೂ ಹೇಳಬ್ಯಾಡ್ರಿ" ಎಂದಿದ್ದ. ನಾವು ಗೆಲ್ಲುತ್ತಿದ್ದದ್ದೇ ಅವನ ಬೌಲಿಂಗಿನಿಂದ. ಮುಂದಿನ ವಾರವೇ ನಾನು ಹೊಸಬರು ಬರಲಿ ಎಂದು, ದೊಡ್ಡ ಮನಸ್ಸಿನವನಂತೆ, ಕ್ಯಾಪ್ಟನ್ಸಿ ಬಿಟ್ಟೆ. ನನಗೆ ಹಾರ ಹಾಕಿದರು. ನಿನ್ನನ್ನು ಕ್ಯಾಪ್ಟನ್ ಮಾಡಿದವನೂ ನಾನೇ. ಹುಸೇನನ ಭುಜದ ವಿಷಯ ನಿನಗೂ ಹೇಳಲಿಲ್ಲ.

ಗುಡೂರಿನಲ್ಲಿ ನಿನ್ನ ಮೊದಲ ಮ್ಯಾಚು. ನನ್ನನ್ನು ಪೆಂಡಾಲಿನಲ್ಲಿ ಕಾಮೆಂಟ್ರಿಗೆ ಕೂರಿಸಿದ್ದರು. ಹುಸೇನ ಸಿಕ್ಸರ್ ಮೇಲೆ ಸಿಕ್ಸರ್ ತಿಂದ. ನೀನು ತಡಮಾಡದೆ ಅವನನ್ನು ತೆಗೆದು, ಎಂದೂ ಬೌಲಿಂಗ್ ಮಾಡದ ಕೀಪರನ ಕೈಗೆ ಚೆಂಡು ಕೊಟ್ಟೆ. ಎಂಥ ಧೈರ್ಯ! ಮ್ಯಾಚು ಕೊನೆಯ ಚೆಂಡಿನವರೆಗೂ ಹೋಯಿತು. ಸೋತೆವು. ಜನ ನನ್ನ ಮುಖ ನೋಡುತ್ತಿದ್ದರು — ಏನಾದರೂ ಹೇಳಬೇಕಿತ್ತು. ಹುಸೇನನ ಗುಟ್ಟು ಕಾಯಲು ಸುಳ್ಳು ಹೇಳಿದೆ ಅನ್ನಬಹುದು... ಇಲ್ಲ, ಕಾಯ್ದುಕೊಂಡದ್ದು ನನ್ನ ಹೆಸರನ್ನು.

"ಟೀಮು ಅದೇ ಐತ್ರಿ, ಕ್ಯಾಪ್ಟನ್ ಬದಲಾಗ್ಯಾನ!" ಎಂದೆ.

ಜನ ಸಿಳ್ಳೆ ಹೊಡೆದರು. ಮೈದಾನದ ನಡುವೆ ನಿಂತಿದ್ದ ನೀನು ಒಮ್ಮೆ ಪೆಂಡಾಲಿನ ಕಡೆ ತಿರುಗಿ ನೋಡಿದೆ. ಆ ಮಾತು ಚಹಾದಂಗಡಿಗಳಲ್ಲಿ ವರ್ಷಗಟ್ಟಲೆ ಓಡಾಡಿತು. ನೀನು ಆಟವನ್ನೇ ಬಿಟ್ಟೆ.

ಮೊನ್ನೆ ಕೆರೂರ ಸಂತೆಯಲ್ಲಿ ನೀನು ಸಿಕ್ಕೆ, ನೀನೇ ಚಹಾ ಕುಡಿಸಿದೆ. ನಗುತ್ತ ಅಂದೆ: "ನೀವು ಅಂದಿದ್ದು ಖರೆ ಇತ್ತು ಬಿಡ್ರಿ ಅಣ್ಣಾ. ನನಗ ಕ್ಯಾಪ್ಟನ್ಸಿ ಬರ್ತಿರಲಿಲ್ಲ."

ಥೂ ನನ್ನ! ಊರಿಗೆಲ್ಲ ಮಾತಿನ ಮಲ್ಲ ನಾನು, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಸುಳ್ಳನ್ನು ನೀನೇ ನಂಬಿಬಿಟ್ಟಿದ್ದೀಯಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಬರುವ ಭಾನುವಾರ ಗುಡೂರಿನ ಫೈನಲ್‌ಗೆ ಮೈಕು ಮತ್ತೆ ನನ್ನ ಕೈಗೇ ಬರುತ್ತದೆ. ಹುಸೇನನನ್ನು ಕೇಳಿದೆ. "ಹೇಳ್ರಿ ಅಣ್ಣಾ, ಇನ್ನೇನೈತಿ ಅದರಾಗ ಮುಚ್ಚಿಡೂದು" ಎಂದ. ಟಾಸ್‌ಗಿಂತ ಮೊದಲೇ ಎಲ್ಲವನ್ನೂ ಹೇಳುತ್ತೇನೆ. ನೀನು ಬರಬೇಕೆಂದೇನಿಲ್ಲ, ಕ್ಷಮಿಸಬೇಕೆಂದೂ ಇಲ್ಲ. ಆದರೆ ನನ್ನ ಅಂದಾಜು ತಪ್ಪುವುದಿಲ್ಲ ಅಂದೆನಲ್ಲ — ಆ ಮುಗಿದ ಟೀಮನ್ನು ಕೊನೆಯ ಚೆಂಡಿನವರೆಗೆ ಒಯ್ಯುವುದು ನನ್ನಿಂದ ಆಗುತ್ತಿರಲಿಲ್ಲ. ನೀನು ನನಗಿಂತ ದೊಡ್ಡ ಕ್ಯಾಪ್ಟನ್ ಎಂದು ನನಗೆ ಅಂದು ಮೈಕಿನಲ್ಲಿ ಆ ಮಾತು ಹೇಳುವ ಮೊದಲೇ ಗೊತ್ತಿತ್ತು.