ಕಂಪ್ಲಿ ಹೊಂಡದ ಮೀನಿಗೆ ಉಪವಾಸ

ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಮೀನು ತಿನ್ನದ ಮನೆಗೇ ಸೊಸೆಯಾಗಿ ಬಂದವಳು ನಾನು. ಆದರೆ ಹೊಟ್ಟೆಪಾಡು ಮೀನಿನದು. ಪಿಯುಸಿ ಮುಗಿದಾಗ ಸಿಕ್ಕಿದ್ದು ಮೀನುಗಾರಿಕೆ ಕಾಲೇಜಿನ ಸೀಟು, ಓದಿದೆ. ಈಗ ತುಂಗಭದ್ರಾ ಡ್ಯಾಂ ಹತ್ತಿರ ಮೀನುಮರಿ ಸಾಕುವ ಕಡೆ ಗುತ್ತಿಗೆ ಕೆಲಸ. ಸುತ್ತಲಿನ ಊರುಗಳ ಹೊಂಡಗಳಿಗೆ ಹೋಗಿ ಮೀನಿನ ರೋಗ ನೋಡುವುದು, ಬುದ್ಧಿ ಹೇಳುವುದು. ರೋಗ ನೋಡುವುದರಿಂದ ನನಗೆ ದಣಿವಾಗುವುದಿಲ್ಲ, ಬುದ್ಧಿ ಹೇಳಿ ಹೇಳಿ ಸಾಕಾಗಿದೆ. ಒತ್ತೊತ್ತಾಗಿ ಮರಿ ಬಿಡಬೇಡಿ, ನೀರು ಕೆಡಿಸಬೇಡಿ, ಮೇವು ಹೆಚ್ಚು ಸುರಿಯಬೇಡಿ, ಮೀನಿನ ಮೈಯಲ್ಲಿರುವ ರೋಗ ತಡೆಯುವ ಶಕ್ತಿ ಇಷ್ಟರಿಂದಲೇ ಉಳಿಯುತ್ತದೆ ಎನ್ನುತ್ತೇನೆ. ಎಲ್ಲರೂ ಹೂಂ ಎಂದು ತಲೆಯಾಡಿಸುತ್ತಾರೆ. ನಾನು ಆ ಕಡೆ ತಿರುಗಿದ ಮೇಲೆ ಅಂಗಡಿಗೆ ಹೋಗಿ ಯಾವುದೋ ಪವರ್ ಔಷಧಿಯ ಬಾಟಲಿ ತಂದು ಸುರಿಯುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಈ ಕೆಲಸ ಮುಗಿಸಿ ಸಂಜೆ ಹೊಸಪೇಟೆಯ ಚಿತ್ತವಾಡ್ಗಿಯ ಮನೆಗೆ ಬರುವಷ್ಟರಲ್ಲಿ ಗಂಡನ ಜೊತೆ ಮಾತಾಡಲೂ ಬೇಸರವಾಗಿರುತ್ತದೆ.

ಹೊರಗಿನವರಾದರೆ ಹೋಗಲಿ ಅನ್ನಬಹುದಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನಗೆ ಪೂರ್ತಿ ತಿಳಿದದ್ದು ಕಂಪ್ಲಿಯ ಅತ್ತೆಮನೆಯಲ್ಲಿ.

ಅಲ್ಲಿ ಅತ್ತೆ ಮತ್ತು ಮೈದುನ ಇದ್ದಾರೆ. ಮನೆಗೆ ಹೊಂದಿಕೊಂಡು ಒಂದು ಸಣ್ಣ ಅಕ್ಕಿ ಗಿರಣಿ. ಮಾವನವರು ಹಾರ್ಟಿನ ಕಾಯಿಲೆಯಿಂದ ತೀರಿಕೊಂಡ ಮೇಲೆ ಅದನ್ನು ಗಂಡನ ದೊಡ್ಡಪ್ಪನ ಕಡೆಯವರು ನಡೆಸುತ್ತಾರೆ, ಇವರ ಪಾಲಿಗೆ ಊಟಕ್ಕೆ ಅಕ್ಕಿ ಮತ್ತು ಬೇಕಾದಷ್ಟು ತೌಡು. ಮೈದುನ ಬಹಳ ವರ್ಷ ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸಿದವನು. ಕೆಂಪು ದೂಳು ಕುಡಿದು ಕುಡಿದು ಎದೆ ಕೆಟ್ಟಿತು. ಇನ್ನು ಆ ದೂಳಿಗೆ ಹೋದರೆ ಉಸಿರಿಗೇ ಕಷ್ಟ ಎಂದು ಡಾಕ್ಟರು ಹೆದರಿಸಿದರು. ಹೋಗುವುದಿಲ್ಲ ಎಂದು ಬಂದವನು ಮಾಡುವುದೇನು? ಅವನಿಗೆ ಗೊತ್ತಿದ್ದದ್ದು ಸ್ಟೇರಿಂಗ್ ಒಂದೇ. ಕಾಲುವೆ ಪಕ್ಕದ ಗದ್ದೆಯಲ್ಲಿ ಹೊಂಡ ತೋಡಿಸಿ ಕಾಟ್ಲಾ, ರೋಹು ಮೀನಿನ ಮರಿ ಬಿಡು ಎಂದವಳು ನಾನೇ. ಇದೊಂದು ಕೈಹಿಡಿಯದಿದ್ದರೆ ಅವನು ಮತ್ತೆ ಸಂಡೂರಿಗೆ ಹೋಗುವುದೇ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಟಿಪ್ಪರ್ ಮಾಲೀಕ ಆಗಾಗ ಫೋನು ಮಾಡುತ್ತಲೂ ಇದ್ದ.

ಮೇವು ಹಾಕುವ ಕೆಲಸವನ್ನು ಅತ್ತೆ ತಾವೇ ಹಿಡಿದುಕೊಂಡರು. ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸೊಂಟದ ಮೇಲೆ ತೌಡು, ಶೇಂಗಾ ಹಿಂಡಿ ಕಲಸಿದ ಬುಟ್ಟಿ ಇಟ್ಟುಕೊಂಡು ಹೊರಡುವರು. ಅವರ ಹೆಜ್ಜೆ ಕೇಳಿದರೆ ಸಾಕು, ಮೀನು ದಂಡೆಗೆ ಬರುತ್ತಿದ್ದವು. ಸಂಜೆ ಇನ್ನೊಂದು ಬುಟ್ಟಿ. ಹಬ್ಬ ಬಂದರೆ ಕಡುಬು, ಹೋಳಿಗೆಯ ಚೂರು. ನಾನು ಹೋದಾಗಲೆಲ್ಲ ಹೇಳಿದೆ, ಇಷ್ಟು ಬೇಡ, ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ ಎಂದು.

ಒಂದು ಭಾನುವಾರ ಅವರು ಬುಟ್ಟಿ ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು.

"ಯವ್ವಾ, ನಾವು ತಿನ್ನಾವ್ರಲ್ಲ. ತಿನ್ನದವ್ರು ಸಾಕಿ ಕೊಯ್ಯಾಕ ಕೊಡಾವ್ರು. ಈ ಪಾಪ ಯಾರಿಗೆ ಹತ್ತತೈತಿ? ಕೊಡೋತನಕ ಆದ್ರೂ ಹೊಟ್ಟಿ ತುಂಬ ಉಣ್ಲಿ ಬಿಡು."

ಮೀನು ತಿನ್ನುವ ಮನೆಯಲ್ಲಾಗಿದ್ದರೆ ಇಂಥ ಮಾತೇ ಬರುತ್ತಿರಲಿಲ್ಲ, ಹೊಂಡವೂ ಕೆಡುತ್ತಿರಲಿಲ್ಲ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟಿನಿಂದ ಅಂದುಕೊಂಡೆ.

ಚಳಿಗಾಲ ಬಂತು. ಮೈದುನನ ಫೋನು ಬಂತು. "ಅತ್ತಿಗಿ, ಮೀನಿನ ಮೈಮ್ಯಾಲೆ ಕೆಂಪು ಹುಣ್ಣು ಎದ್ದಾವ್ರಿ. ಮುಂಜಾನೆ ಆತಂದ್ರ ಬಾಯಿ ತೆರಕೊಂಡು ಮ್ಯಾಲೆ ಬರ್ತಾವು. ಜಲ್ದಿ ಬರ್ರಿ." ಹೋಗಿ ನೋಡಿದರೆ ನೀರು ಹಸಿರು ಗಂಜಿಯಾಗಿತ್ತು. ಒಂದೆರಡು ಸತ್ತು ತೇಲುತ್ತಿದ್ದವು. ಸುಣ್ಣ ಹಾಕು, ಕಾಲುವೆಯ ಹೊಸ ನೀರು ಬಿಡು, ನಾನು ಹೇಳುವ ತನಕ ಒಂದು ಹಿಡಿ ತೌಡೂ ಬೀಳಬಾರದು ಎಂದು ಹೇಳಿ ಬಂದೆ. ಮುಂದಿನ ವಾರ ಹೋದರೆ ಸಾವು ಹೆಚ್ಚಾಗಿದೆ. ಅತ್ತೆ ಮೊದಲಿಗಿಂತ ಜಾಸ್ತಿ ಹಾಕಿದ್ದಾರೆ! ಬೆಲ್ಲ ಬೇರೆ ಕಲಸಿದ್ದಾರೆ.

"ಜಡ್ಡು ಬಿದ್ದಾವು. ಉಪಾಸ ಕೆಡವಿದ್ರ ಶಕ್ತಿ ಎಲ್ಲಿಂದ ಬರಬೇಕು?" ಎಂದರು.

ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಕಾಲೇಜಿನಲ್ಲಿದ್ದಾಗ ಸಮುದ್ರದ ಕಡೆ ತರಬೇತಿಗೆ ಹೋಗಿ ಕಡಲ ಸೌತೆ ಎಂಬ ಜೀವಿಯನ್ನು ನೋಡಿದ್ದೆ. ಹೆಸರಷ್ಟೇ ಸೌತೆ, ಕೆಸರು ನುಂಗಿಕೊಂಡು ಬದುಕುವ ಮೆತ್ತನೆಯ ಪ್ರಾಣಿ. ಅದನ್ನೂ ಸಾಕುತ್ತಾರೆ. ಒತ್ತೊತ್ತಾಗಿ ತುಂಬಿ ನೀರು ಕೆಡಿಸಿದರೆ ಅದಕ್ಕೂ ಮೈಮೇಲೆ ಹುಣ್ಣು. ತೀರಾ ಕಾಡಿದರೆ ತನ್ನ ಕರುಳನ್ನೇ ಹೊರಗೆ ಉಗುಳಿಬಿಡುತ್ತದೆ, ಆಮೇಲೆ ನಿಧಾನಕ್ಕೆ ಹೊಸದು ಬೆಳೆಸಿಕೊಳ್ಳುತ್ತದೆ. ಆ ದಿನ ಹೊಂಡದ ದಂಡೆಯ ಮೇಲೆ ಕುಕ್ಕರಿಸಿ ಕೂತಾಗ ನನಗೂ ಹಾಗೊಂದು ಅನುಕೂಲ ಇದ್ದಿದ್ದರೆ ಅನ್ನಿಸಿತು. ಕಾಟ್ಲಾಗೂ ಅದಿಲ್ಲ, ನನಗೂ ಇಲ್ಲ.

ಬೇರೆ ದಾರಿ ಕಾಣದೆ ಒಂದು ಬಾಳೆಲೆ ಕೊಯ್ದು ಹಾಸಿದೆ. ಆಗತಾನೇ ಸತ್ತ ಮೀನೊಂದನ್ನು ಎತ್ತಿ ಅದರ ಮೇಲಿಟ್ಟೆ. ನನ್ನ ಚೀಲದಲ್ಲಿ ಕತ್ತರಿ ಯಾವಾಗಲೂ ಇರುತ್ತದೆ. ಮೈದುನ ಮುಖ ತಿರುಗಿಸಿದ. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ನಮ್ಮ ಹೊಲದಾಗ ಈ ಕೆಲಸ ಬ್ಯಾಡವಾ."

"ನೋಡ್ರಿ ಅತ್ತಿ. ಒಂದ ಸಲ ನೋಡ್ರಿ. ಆಮ್ಯಾಲೆ ನಾನು ಬಾಯಿ ತೆರೆಯಂಗಿಲ್ಲ."

ಹೊಟ್ಟೆ ಸೀಳಿದೆ. ಕರುಳಿನ ತುಂಬ ಅರಗದ ತೌಡು. ಒಳಗೆಲ್ಲ ಬಿಳಿ ಕೊಬ್ಬು. ಕೆಂಪಗಿರಬೇಕಾದ ಲಿವರ್ ಹಳದಿಗೆ ತಿರುಗಿ, ಮುಟ್ಟಿದರೆ ಒಡೆಯುವಂತಿತ್ತು. ರೋಗದ ಜೊತೆ ಗುದ್ದಾಡುವ ಶಕ್ತಿ ಇಂಥ ಮೈಯಲ್ಲಿ ಇರುವುದಿಲ್ಲ, ನೀರೂ ಕೆಟ್ಟಿರುವಾಗ ಸಣ್ಣ ಹುಣ್ಣೂ ಸಾಯಿಸುತ್ತದೆ ಎಂದು ಹೇಳಿದೆ. ಅತ್ತೆ ಹತ್ತಿರ ಬಂದು ಬಗ್ಗಿದರು. ಮೂಗಿನ ಮೇಲಿನ ಸೆರಗು ಸರಿಸಿ ನೋಡಿದರು.

"ನಿಮ್ಮ ಮಾವನೋರಿಗೂ ಒಳಗ ಹಿಂಗ ಆಗಿತ್ತೇನವಾ?"

ನಾನು ಇಲ್ಲರಿ ಎಂದುಬಿಟ್ಟೆ. ಏನು ಆಗಿತ್ತೋ ನನಗೇನು ಗೊತ್ತು? ಆದರೆ ಮಾವನವರ ತಟ್ಟೆಗೆ ಬೇಡವೆಂದರೂ ತುಪ್ಪ ಬಡಿಸುತ್ತಿದ್ದ ಕೈ ಅದು. ಆ ಮುಖ ನೋಡಿ ನನಗೆ ಬಹಳ ಸಂಕಟವಾಯಿತು, ತೋರಿಸಲೇಬಾರದಿತ್ತು ಅನ್ನಿಸಿತು.

ಅವತ್ತಿನಿಂದ ಬುಟ್ಟಿ ಹೊರಗೆ ಬರಲಿಲ್ಲ. ಅತ್ತೆಗೆ ಸೋಮವಾರದ ಉಪವಾಸ ಮೊದಲಿನಿಂದ ರೂಢಿ. ಮೀನು ಹಸಿದಿರುವಷ್ಟು ಕಾಲ ತಾವೂ ಒಂದೇ ಹೊತ್ತು ಉಂಡರಂತೆ, ಮೈದುನ ಹೇಳಿದ. ಅವನು ಸುಣ್ಣ ಹಾಕಿದ, ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಹಳೆಯದು ತೆಗೆದು ಹೊಸದು ತುಂಬಿದ. ಸತ್ತದ್ದು ಸತ್ತವು. ಉಳಿದವುಗಳ ಹುಣ್ಣು ನಿಧಾನವಾಗಿ ಒಣಗಿತು. ಆಮೇಲೆ ಅಳತೆಯ ಮೇವು ಶುರುವಾಯಿತು. ಅದನ್ನು ಮೈದುನನೇ ಹಾಕಿದ, ಅತ್ತೆ ದೂರದಲ್ಲಿ ನಿಂತು ನೋಡುತ್ತಿದ್ದರು. ಬೇಸಿಗೆ ಬರುವಷ್ಟರಲ್ಲಿ ಮೀನು ತೂಕಕ್ಕೆ ಬಂದವು, ಹೊಸಪೇಟೆಯ ವ್ಯಾಪಾರಿ ನೋಡಿ ಒಪ್ಪಿದ. ಇವನ್ನು ಕೊಟ್ಟರೆ ಮುಂದಿನ ಮರಿ ಬಿಡಬಹುದು, ಮೈದುನ ಊರಲ್ಲೇ ನಿಲ್ಲಬಹುದು.

ಬಲೆ ಎಳೆಯುವ ಹಿಂದಿನ ದಿನ ಮೇವು ಹಾಕಬಾರದು. ಹೊಟ್ಟೆ ತುಂಬಿದ ಮೀನು ಗಾಡಿಯಲ್ಲಿ ಬೇಗ ಕೆಡುತ್ತದೆ, ವ್ಯಾಪಾರಿ ಬೇಡವೆನ್ನುತ್ತಾನೆ. ಇದನ್ನು ಹೇಳಲು ನಾನೇ ಹೋದೆ. ಹೇಳುವ ಹೊತ್ತಿಗೆ ಅತ್ತೆ ಎಷ್ಟೋ ದಿನದ ಮೇಲೆ ತೌಡಿನ ಬುಟ್ಟಿ ಹಿಡಿದು ದಂಡೆಯ ಮೇಲೆ ನಿಂತಿದ್ದರು.

"ಕಡೀ ದಿನಾನೂ ಉಪಾಸನಾ?" ಎಂದರು.

ಹೌದು ಎನ್ನಬೇಕಿತ್ತು. ಇಷ್ಟು ವರ್ಷ ಊರೂರು ಸುತ್ತಿ ಬೇಡ, ಬೇಡ ಎಂದು ಹೇಳಿದ ಬಾಯಿಂದ ಅವತ್ತು ಬೇರೆಯೇ ಮಾತು ಬಂತು.

"ಒಂದ್ ಬೊಗಸಿ ಹಾಕ್ರಿ ಅತ್ತಿ. ನಾನೇನೂ ಅನ್ನಂಗಿಲ್ಲ" ಎಂದೆ.

ಅವರು ಬೊಗಸೆ ತುಂಬ ತೌಡು ತೆಗೆದು ನೀರಿನ ಮೇಲೆ ಹಿಡಿದರು. ಮೀನು ಆಗಲೇ ದಂಡೆಗೆ ಬಂದು ಬಾಯಿ ತೆರೆಯುತ್ತಿದ್ದವು. ಆಚೆ ದಂಡೆಯಲ್ಲಿ ಮೈದುನ ನಾಳೆಯ ಬಲೆಗೆ ಗೂಟ ಹೊಡೆಯುತ್ತಿದ್ದ. ನಡುನಡುವೆ ನಿಂತು ಕೆಮ್ಮುತ್ತಿದ್ದ. ಅತ್ತೆ ಅವನನ್ನು ನೋಡಿದರು, ಮೀನನ್ನು ನೋಡಿದರು. ಬೊಗಸೆಯನ್ನು ವಾಪಸು ಬುಟ್ಟಿಗೆ ಸುರಿದು, ಅಂಗೈಗೆ ಅಂಟಿದ್ದನ್ನೂ ನೀರಿಗೆ ಬೀಳದ ಹಾಗೆ ಸೆರಗಿಗೆ ಒರೆಸಿಕೊಂಡರು.

"ಹಸ್ಕೊಂಡ ಹೋಗ್ರವ್ವಾ" ಎಂದು ಹೊಂಡಕ್ಕೆ ಕೈ ಮುಗಿದರು. "ಪಾಪ ನನಗ ಇರಲಿ. ನನ್ನ ಮಗ ಮನ್ಯಾಗ ಇರಲಿ."