ಮಾವನ ಮುಂದೆ ನಡೆದದ್ದು

ಬೆಳಿಗ್ಗೆ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿತೆಂದರೆ ನನ್ನ ಕೈಯಲ್ಲಿನ ಚಹಾ ಆರಿಹೋಗುತ್ತದೆ. ನಮ್ಮ ಮನೆಗೆ ಈಗ ರೊಟ್ಟಿ ಖಾನಾವಳಿಯಿಂದ ಬರುತ್ತದೆ. ಬಡಿಯುವ ತ್ರಾಣ ನನಗಿಲ್ಲ, ಕಲಿಯುವ ಮನಸ್ಸು ಇನ್ಯಾರಿಗೂ ಇಲ್ಲ. ಒಂದು ಕಾಲಕ್ಕೆ ನಾನೂ ಬಡಿದವಳೇ. ಚೆನ್ನಾಗಿ ಬಡಿಯುತ್ತಿದ್ದೆ ಎಂದು ಹೇಳಲಾರೆ. ನನ್ನ ರೊಟ್ಟಿಗೆ ಎಷ್ಟು ಮೂಲೆ ಎಂದು ಅತ್ತೆ ಎಣಿಸುತ್ತಿದ್ದರು. ಆದರೆ ಆ ರೊಟ್ಟಿಯ ದೆಸೆಯಿಂದ ಒಬ್ಬರು ಎದ್ದು ನಡೆದಿದ್ದಾರೆ ಎಂದರೆ ನೀವು ನಂಬಬೇಕು.

ಅಫಜಲಪುರದಿಂದ ನರೋಣಾಕ್ಕೆ ನಾನು ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಮಾವ ಅಲ್ಲಿಯ ಶಾಲೆಯ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಅವರೆದುರು ತಲೆಯ ಮೇಲೆ ಸೆರಗು, ತಗ್ಗಿದ ದನಿ. ಹೊರಗೆ ಹೊರಟರೆ ಅವರಿಂದ ನಾಲ್ಕು ಮಾರು ಹಿಂದೆ. ಮೊದಲ ಮೂರು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಒಂದು ಮಾತೂ ಆಡಿದವರಲ್ಲ. ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ಗೋಡೆಯ ಪರವಾಗಿ ನಾನು ತಂದಿಡುತ್ತಿದ್ದೆ.

ಆಮೇಲೆ ಅವರು ಹೊಸ್ತಿಲಲ್ಲಿ ನಿಲ್ಲತೊಡಗಿದರು. ನಡೆದು ಬರುತ್ತಿದ್ದವರು ಥಟ್ಟನೆ ನಿಂತುಬಿಡುವರು, ಮುಖ ಬಿಗಿದು, ಕಣ್ಣು ಮಿಟುಕಿಸದೆ. ಆ ಮುಖ ಮೊದಲಿನಿಂದಲೂ ಬಿಗಿಯೇ ಇದ್ದುದರಿಂದ ರೋಗವೆಂದು ಯಾರಿಗೂ ಹೊಳೆಯಲಿಲ್ಲ. ಸಿಟ್ಟೆಂದುಕೊಂಡೆವು. ಅತ್ತೆ ಹೆದರಿ ಪಲ್ಯ ಬದಲಿಸಿದರು. ನನ್ನ ಗಂಡ ಬೀಡಿ ಬಿಟ್ಟರು. ವರ್ಷದ ಮೇಲೆ ಬಲಗೈ ನಡುಗತೊಡಗಿದಾಗ ಕಲಬುರಗಿಗೆ ಕರೆದೊಯ್ದೆವು. ಡಾಕ್ಟರು ಪಾರ್ಕಿನ್ಸನ್ ಎಂದರು. ಮಿದುಳು ದಿನದಿನಕ್ಕೆ ಸವೆಯುವ ರೋಗ, ಗುಳಿಗೆಯಿಂದ ಸ್ವಲ್ಪ ತಡೆಯಬಹುದು, ವಾಸಿಯಾಗುವುದಿಲ್ಲ. ಕಾಲು ಏಳದವರನ್ನು ವರ್ಷವಿಡೀ ಸಿಟ್ಟಿನವರೆಂದು ತಿಳಿದೆವಲ್ಲ ಎಂದು ಅತ್ತೆ ಬಸ್ಸಿನಲ್ಲಿ ಕಣ್ಣೀರು ಹಾಕಿದರು. ನನಗೂ ನಾಚಿಕೆಯಾಯಿತು.

ಹಿತ್ತಲಿಗೆ ದಾರಿ ಅಡುಗೆಮನೆಯ ಮೂಲಕವೇ. ಒಂದು ಬೆಳಿಗ್ಗೆ ಮಾವ ಅಲ್ಲಿಯ ಹೊಸ್ತಿಲಲ್ಲಿ ಸಿಕ್ಕಿಕೊಂಡಿದ್ದರು. ಏನೂ ತೋಚದೆ ನಾನು ರೊಟ್ಟಿ ಬಡಿಯಲು ಕೂತೆ. ಪಟ್ ಪಟ್ ಎಂದು ಕೈ ಆಡಿದ್ದೇ ತಡ, ಅವರ ಕಾಲು ಎದ್ದಿತು. ಬಡಿತಕ್ಕೊಂದು ಹೆಜ್ಜೆ. ರೊಟ್ಟಿಯನ್ನು ಹಂಚಿಗೆ ಹಾಕಲು ಕೈ ನಿಲ್ಲಿಸಿದೆ, ಅವರೂ ನಿಂತರು. ಮತ್ತೆ ಬಡಿದೆ, ನಡೆದರು. ಅವತ್ತು ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು, ಕೈಯಲ್ಲಿದ್ದದ್ದು ಹರಿದುಹೋಯಿತು, ಮಾವ ಹಿತ್ತಲು ಮುಟ್ಟಿದರು.

ಇದನ್ನೀಗ ಸಂಗೀತ ಚಿಕಿತ್ಸೆ ಎನ್ನುತ್ತಾರಂತೆ. ನಮಗೆ ಹೆಸರು ಗೊತ್ತಿರಲಿಲ್ಲ. ನಾನು ಹಾಡಿಯೂ ನೋಡಿದೆ. ನನ್ನ ಹಾಡಿಗೆ ತಾಳವೇ ಇಲ್ಲದ್ದರಿಂದ ಅವರು ಹೆಜ್ಜೆ ತಪ್ಪಿ ಗೋಡೆ ಹಿಡಿದರು.

ಆಗಸ್ಟ್ ಹದಿನೈದು ಹತ್ತಿರ ಬಂತು. ಮಾವ ಶಾಲೆಯ ಧ್ವಜವಂದನೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಗಂಡ ಬಂಡಿ ಕಟ್ಟುತ್ತೇನೆಂದರು. ಮಾವ ಒಪ್ಪಲಿಲ್ಲ, ಹೋದರೆ ಸ್ವಂತ ಕಾಲ ಮೇಲೆ, ಇಲ್ಲವಾದರೆ ಇನ್ನು ಹೊರಗೇ ಬರುವುದಿಲ್ಲ ಎಂದರು. ಹಿಟ್ಟಿನ ಪರಾತ ಹೊತ್ತು ಬೀದಿಯಲ್ಲಿ ರೊಟ್ಟಿ ಬಡಿಯಲಾದೀತೇ? ಟ್ರಂಕಿನಲ್ಲಿ ಅವರು ಡ್ರಿಲ್ಲಿನಲ್ಲಿ ತಾಳಕ್ಕೆ ಆಡಿಸುತ್ತಿದ್ದ ಹಳೆಯ ಲೇಜಿಮ್ ಇತ್ತು, ಮರದ ಹಿಡಿ, ಸರಪಳಿ, ತಗಡಿನ ಬಿಲ್ಲೆಗಳು. ಗಂಡ ಆಡಿಸಿದರು. ಎಲ್ಲದರಲ್ಲೂ ಅವಸರದ ಮನುಷ್ಯ, ತಾಳ ಓಡಿತು, ಮಾವ ಮುಗ್ಗರಿಸಿದರು. ಸೊಸೆಯ ಕೈಯೇ ಬೇಕೆಂದು ಮಾವ ಗೋಡೆಗೆ ತಿಳಿಸಿದರು.

ಸದ್ದು ಮುಂದಿದ್ದರೆ ಮಾತ್ರ ಅವರ ಕಾಲು ಏಳುತ್ತಿತ್ತು. ಅಂದರೆ ಊರ ನಡುವೆ, ಲೇಜಿಮ್ ಆಡಿಸುತ್ತ, ನಾನು ಮಾವನ ಮುಂದೆ ನಡೆಯಬೇಕು. ಅತ್ತೆ ನನ್ನ ಸೆರಗನ್ನು ಮೂಗಿನ ತನಕ ಎಳೆದರು. ಮರ್ಯಾದೆ ಉಳಿಯಿತು, ದಾರಿ ಕಾಣದಾಯಿತು.

ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಪಕ್ಕದವನಿಗೆ ಹೇಳುವಂತೆ ಹೇಳಿದರು: "ಮಾಸ್ತರ ಮನ್ಯಾಗ ಸೊಸಿ ಮುಂದ, ಮಾವ ಹಿಂದ ಆದ್ರಲ್ಲಪಾ."

ನನ್ನ ಕೈ ನಿಂತುಹೋಯಿತು. ಹಿಂದೆ ಹೆಜ್ಜೆಯ ಸದ್ದೂ ನಿಂತಿತು. ತಿರುಗಿದರೆ ಮಾವ ನಡುಬೀದಿಯಲ್ಲಿ ಒಂದು ಕಾಲು ಮುಂದಿಟ್ಟು, ಇನ್ನೇನು ಬೀಳುವಂತೆ ಬಾಗಿ ನಿಂತಿದ್ದರು. ಜನ ನೋಡುತ್ತಿದ್ದರು. ಅಂದು ಅವರು ಗೋಡೆಯನ್ನಲ್ಲ, ನನ್ನ ಮುಖವನ್ನು ನೋಡಿದರು.

"ನಿಲ್ಲಬ್ಯಾಡವಾ. ನೀ ನಿಂತ್ರ ನಾ ನಿಂತೆ."

ಸೆರಗನ್ನು ಹಿಂದಕ್ಕೆ ತಳ್ಳಿದೆ. ಲೇಜಿಮ್ಮನ್ನು ಇನ್ನಷ್ಟು ಜೋರಾಗಿಯೇ ಆಡಿಸಿದೆ. ಮಾವ ಬಂದರು, ಶಾಲೆಯ ತನಕ ಬಂದರು. ಧ್ವಜಕ್ಕೆ ಸೆಲ್ಯೂಟ್ ಹೊಡೆದ ಕೈ ನಡುಗುತ್ತಿತ್ತು. ಯಾರೂ ನಗಲಿಲ್ಲ.

ಮೂರು ವರ್ಷ ಹಾಗೆ ನಡೆದೆವು. ಆಮೇಲೆ ಯಾವ ಸದ್ದಿಗೂ ಅವರ ಕಾಲು ಏಳಲಿಲ್ಲ. ನಾನು ಬಿಡದೆ ಬಡಿದೆ, ಆಡಿಸಿದೆ, ಕೊನೆಗೊಂದು ದಿನ ಅವರ ಮಂಚದ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. "ಸಾಕು ಬಿಡವಾ, ಭಾಳ ದೂರ ಕರಕೊಂಡು ಬಂದಿ" ಅಂದರು. ಆಮೇಲೆ ಅವರ ಮಾತೂ ನಿಂತಿತು.

ಈಗ ನನ್ನ ಮಂಡಿಗಳು ಹಿಡಿದಿವೆ. ಪೇಟೆಗೆ ಹೊರಟರೆ ನನ್ನ ಸೊಸೆ ಸರಸರನೆ ಮುಂದೆ, ಕುಂಟುತ್ತ ನಾನು ಹಿಂದೆ. ನಿಜ ಹೇಳುತ್ತೇನೆ, ಅದು ನನಗೂ ಒಳಗೊಳಗೆ ಚುಚ್ಚುತ್ತಿತ್ತು. ನಿನ್ನೆ ದಾರಿಯಲ್ಲಿ ಸಿಕ್ಕ ಗುರುತಿನವಳೊಬ್ಬಳು, ಹಿರಿಯರನ್ನು ಹಿಂದೆ ಬಿಟ್ಟು ಹೋಗುತ್ತಾಳಲ್ಲ ಎಂದು ಸೊಸೆಗೆ ಕೇಳಿಸುವಂತೆಯೇ ಅಂದಳು. ಸೊಸೆ ನಿಂತು ತಿರುಗಿದಳು. ಮುಖ ಸಣ್ಣದಾಗಿತ್ತು.

"ನೀ ನಡಿಯವಾ," ಅಂದೆ. "ನಾ ಬರಾಕತ್ತೇನಿ."