ಅಮಾವಾಸ್ಯೆಯ ರಜೆ

ಆಸ್ಪತ್ರೆ ಲಾಂಚಿನಲ್ಲಿ ನಮಗೆ ರಜೆ ಅಂತ ಸಿಗುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ. ಆ ದಿನ ಖಲಾಸಿಗಳು ನೀರಿಗಿಳಿಯುತ್ತಿರಲಿಲ್ಲ. ಅಮಾವಾಸ್ಯೆಯ ಭರತಕ್ಕೆ ಶರಾವತಿಯ ನೀರು ದಂಡೆಯ ಮೇಲೆ ಹತ್ತುತ್ತದೆ. ಆ ನೀರಿನಲ್ಲೇ ಲಾಂಚನ್ನು ಎಳೆದು ಮೇಲೆ ನಿಲ್ಲಿಸಿ, ಇಳಿತಕ್ಕೆ ತಳ ಒಣಗಿದ ಮೇಲೆ ಅಂಟಿದ ಚಿಪ್ಪು ಕೆರೆದು ಗೇರೆಣ್ಣೆ ಬಳಿಯುವುದು ಅವರ ಪದ್ಧತಿ. ಡಾಕ್ಟರರು ಏನೇ ಹೇಳಲಿ, ಲಾಂಚು ನಡೆಸುವ ತಾಂಡೇಲನ ಮಾತೇ ಮಾತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾದ ವರ್ಷವೇ ನನ್ನ ಗಂಡ ಮುಂಬಯಿಯಲ್ಲಿ ಸರಕು ಹಡಗು ಹತ್ತಿ ಹೋಗಿದ್ದರು. ಮಾವಳ್ಳಿಯ ಅತ್ತೆಮನೆಯಲ್ಲಿ ನನಗೆ ಕೆಲಸವೂ ಇರಲಿಲ್ಲ, ಮಾತೂ ಇರಲಿಲ್ಲ. ಕನ್ನಡ, ಕೊಂಕಣಿ ಎರಡೂ ಬರುವ ಹೆಂಗಸು ಬೇಕು, ಸಂಬಳವಿಲ್ಲ, ಊಟ ಉಂಟು ಎಂದು ಲಾಂಚಿನವರು ಹೇಳಿ ಕಳಿಸಿದಾಗ ಒಂದು ಟ್ರಂಕು ಹಿಡಿದು ಹೊನ್ನಾವರಕ್ಕೆ ಬಂದುಬಿಟ್ಟೆ. ಹೊಳೆ ದಂಡೆಯ ಊರೂರಿಗೆ ಹೋಗುವುದು, ಡಾಕ್ಟರರ ಪ್ರಶ್ನೆ ಹೆಂಗಸರಿಗೆ, ಹೆಂಗಸರ ನೋವು ಡಾಕ್ಟರರಿಗೆ ತಿಳಿಸುವುದು ನನ್ನ ಕೆಲಸ. ಭಟ್ಕಳದ ಬಂದರಿಗೆ ಹೋದಾಗ ಮಾತ್ರ ನನ್ನ ಕೊಂಕಣಿ ಕೇಳಿ ತಮ್ಮದೇ ಬಗೆಯ ಕೊಂಕಣಿ ಆಡುವ ಅಲ್ಲಿನ ನವಾಯತ ಮುಸ್ಲಿಂ ಹೆಂಗಸರು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ನಗಲಿ ಬಿಡಿ, ಹೊಟ್ಟೆನೋವು ಎಲ್ಲಿ ಅಂತಾದರೂ ತೋರಿಸುತ್ತಿದ್ದರಲ್ಲ.

ತವರು ಅಲ್ಲೇ ಧಾರೇಶ್ವರ. ಬಸ್ಸು ಹತ್ತಿದರೆ ಆತು. ಆದರೆ ಮದುವೆಯಾದ ಮಗಳು ಅಮಾವಾಸ್ಯೆ ದಿನ ತವರಿನ ಹೊಸಿಲು ತುಳಿಯಬಾರದು ಎಂಬುದು ಆಯಿಯ, ಅಂದರೆ ನನ್ನ ತಾಯಿಯ, ಕಟ್ಟಳೆ. ಅಣ್ಣನ ಮನೆಗೆ ಒಳ್ಳೆಯದಾಗುವುದಿಲ್ಲವಂತೆ. ನನ್ನ ರಜೆ ಅಮಾವಾಸ್ಯೆಗೇ, ಆಯಿಯ ಬಾಗಿಲು ಮುಚ್ಚುವುದೂ ಅಮಾವಾಸ್ಯೆಗೇ. ಚೌತಿಗೆ ನೋಡಿದ ಆಯಿಯ ಮುಖವನ್ನು ಶಿವರಾತ್ರಿ ಕಳೆದರೂ ಮತ್ತೆ ನೋಡಿರಲಿಲ್ಲ. ರಜೆಯ ದಿನ ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಲಾಂಚಿನ ಆಫೀಸಿನ ಹಿಂದಿನ ಕೋಣೆಯಲ್ಲಿ ನಾನು ಒಬ್ಬಳೇ ಕೂತು ಚಿಪ್ಪು ಕೆರೆಯುವ ಸದ್ದು ಕೇಳುತ್ತಿದ್ದೆ. ಅಳು ಬರುತ್ತಿತ್ತು, ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು. ನನಗೆ ಮೊದಲಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ.

ಆ ಸಲ ಪಂಚಾಂಗ ನೋಡಿದರೆ ಅಮಾವಾಸ್ಯೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಆಮೇಲೆ ಹೋದರೆ ಆಯಿ ಏನನ್ನುತ್ತಾಳೆ? ಯಾರಿಗೂ ಹೇಳದೆ, ಗಂಜಿಯನ್ನೂ ಕುಡಿಯದೆ ಬೆಳಗಿನ ಬಸ್ಸು ಹತ್ತಿದೆ. ಧಾರೇಶ್ವರದಲ್ಲಿ ಇಳಿದವಳು ಮನೆಯ ದಾರಿ ಬಿಟ್ಟು ಸಮುದ್ರದ ಕಡೆ ನಡೆದೆ. ಗಾಳಿಮರದ ನೆರಳಿನಲ್ಲಿ ಕೂತು ಅಮಾವಾಸ್ಯೆ ಮುಗಿಯಲಿ ಎಂದು ಕಾದೆ. ಅಲ್ಲಿಂದ ನಮ್ಮ ಮನೆಯ ಹಂಚು ಕಾಣುತ್ತಿತ್ತು. ಸ್ವಂತ ಊರಿನಲ್ಲಿ ಕಳ್ಳಿಯ ಹಾಗೆ ಕೂತಿದ್ದೇನಲ್ಲ ಎನ್ನಿಸಿತು. ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೆ ಆಯಿಯ ಕೈ ಊಟಕ್ಕೆ ಜಾಗ ಇರಲಿ ಅಂತ ಒಂದು ಬಾಳೆಹಣ್ಣನ್ನೂ ಕೊಳ್ಳಲಿಲ್ಲ.

ನೀರು ಹಿಂದೆ ಸರಿದು, ನೆರಳು ಪೂರ್ವಕ್ಕೆ ಉದ್ದ ಚಾಚಿ, ಅಮಾವಾಸ್ಯೆ ಬಿಟ್ಟದ್ದು ಖಾತ್ರಿಯಾದ ಮೇಲೆ ಎದ್ದು ಹೋದೆ. ಅಂಗಳದಲ್ಲಿ ಕೊಬ್ಬರಿ ಒಟ್ಟುತ್ತಿದ್ದ ಅತ್ತಿಗೆ ನನ್ನನ್ನು ಕಂಡವಳೇ ಕೈಯಲ್ಲಿದ್ದದ್ದು ಕೆಳಗಿಟ್ಟಳು.

"ಅಯ್ಯೋ ತಂಗಿ, ಎಂತ ಮಾಡಿದೆ ನೀನು! ಆಯಿ ನಿನ್ನ ನೋಡೂಕೇ ಹೊನ್ನಾವರಕ್ಕೆ ಹೋದ್ರಲ್ಲೆ! ಅಮಾಸೆ ದಿನ ನೀ ಇಲ್ಲಿಗೆ ಬರೂಕಾಗ, ಆದ್ರೆ ತಾನು ಅಲ್ಲಿಗೆ ಹೋಗೂಕೆ ಯಾವ ಅಡ್ಡಿಯೂ ಇಲ್ಲ ಅಂತ ಬೆಳಿಗ್ಗೆ ಎದ್ದು ಹೊರಟ್ರು."

ನಾನು ಗಾಳಿಮರದ ಕಡೆ ನಡೆಯುತ್ತಿದ್ದಾಗ ಆಯಿ ಬಸ್ಸಿಗೆ ನಿಂತಿದ್ದಿರಬೇಕು. ಅತ್ತಿಗೆ ಊಟಕ್ಕೆ ಕರೆದಳು, ನಾನು ಕೂರಲಿಲ್ಲ. ಆಯಿ ಅಲ್ಲಿ ದಾರಿ ಕಾಯುತ್ತಿರುತ್ತಾಳೆ, ಹಿಡಿದರೆ ಈಗಲೇ ಹಿಡಿಯಬೇಕು. ಬೆಳಗಾದರೆ ಲಾಂಚು ಮೇಲಿನ ಊರುಗಳಿಗೆ ಹೊರಡುತ್ತದೆ. ಓಡಿಕೊಂಡು ಹೋಗಿ ಹೊನ್ನಾವರದ ಕೊನೆಯ ಬಸ್ಸು ಹಿಡಿದೆ.

ಹಳದೀಪುರದ ಹತ್ತಿರ ರಸ್ತೆ ಕಿರಿದು. ಎದುರಿಂದ ಧಾರೇಶ್ವರದ ಮೇಲೆ ಕುಮಟೆಗೆ ಹೋಗುವ ಬಸ್ಸು ಬಂದಿತೆಂದು ನಮ್ಮ ಬಸ್ಸು ಪಕ್ಕಕ್ಕೆ ನಿಂತಿತು. ಅದು ಉಜ್ಜಿಕೊಂಡು ಹೋಗುವಷ್ಟು ಹತ್ತಿರ ಬಂದು ತಾನೂ ನಿಂತಿತು. ಅದರ ಕಿಟಕಿಯಲ್ಲಿ ಆಯಿ ಕೂತಿದ್ದಳು.

"ಆಯೀ!" ಎಂದು ಕೂಗಿದೆ. ಆಯಿ ಬೆಚ್ಚಿ ತಿರುಗಿದಳು. ಸಂತೋಷಪಡುತ್ತಾಳೆ ಎಂದುಕೊಂಡರೆ ಬೈದಳು.

"ಅಮಾಸೆ ದಿನ ಎಂತಕ್ಕೆ ಬಂದ್ಯೇ?"

"ಅಮಾಸೆ ಬಿಟ್ಟ ಮೇಲೇ ಮನೆಗೆ ಹೋದದ್ದು!" ಎಂದು ನಾನೂ ಜೋರು ಮಾಡಿದೆ. ಎರಡೂ ಬಸ್ಸಿನವರು ನಕ್ಕರು. ಆಯಿ ಕಿಟಕಿಯಿಂದ ಕೈ ಚಾಚಿ ನನ್ನ ಬೆರಳು ಹಿಡಿದಳು. ಅವಳ ಕೈ ಬಿಸಿಯಾಗಿತ್ತು.

"ಊಟ ಆತಾ?"

"ಆತು. ನಿಂದು?"

"ನಂದೂ ಆತು."

ಕಂಡಕ್ಟರ್ ಸೀಟಿ ಊದಿದ. ಇಳಿದುಬಿಡಲೇ ಎಂದು ಎದ್ದೆ. ಆಯಿ ಬೇಡವೆಂದು ಕೈ ಅಲ್ಲಾಡಿಸಿದಳು. ಇಬ್ಬರದೂ ಕೊನೆಯ ಬಸ್ಸು, ಇಳಿದವರು ರಸ್ತೆಯಲ್ಲೇ ಉಳಿಯಬೇಕಿತ್ತು. ನನ್ನ ಬೆರಳು ಬಿಟ್ಟ ಮೇಲೆ ಆ ಬಸ್ಸಿನ ಧೂಳು ಮಾತ್ರ ಕಂಡಿತು.

ಹೊನ್ನಾವರದಲ್ಲಿ ತಾಂಡೇಲ ಗೇರೆಣ್ಣೆಯ ಕೈಯನ್ನು ಮರಳಿನಲ್ಲಿ ತಿಕ್ಕುತ್ತಿದ್ದ.

"ನಿಮ್ಮ ಆಯಿ ಬಂದಿದ್ರು ಅಕ್ಕೋರೆ. ಲಾಂಚಿನ ನೆರಳಲ್ಲೇ ಕೂತಿದ್ರು. ಚಾ ಕೊಟ್ರೂ ಕುಡೀಲಿಲ್ಲ. ಗಂಟು ನಿಮ್ಮ ಬಾಗಿಲಲ್ಲಿ ಇಟ್ಟು ಹೋದ್ರು."

ದೀಪ ಹಚ್ಚಿ, ಕೈಕಾಲು ತೊಳೆದು ಗಂಟು ಬಿಚ್ಚಿದೆ. ಹಲಸಿನೆಲೆಯ ಕೊಟ್ಟೆ ಕಡುಬು, ಕಾಯಿಚಟ್ನಿ. ಕಟ್ಟಿದ್ದು ಕಟ್ಟಿದ ಹಾಗೇ ಇತ್ತು, ಒಂದನ್ನೂ ಮುಟ್ಟಿರಲಿಲ್ಲ. ಅವುಗಳ ಮೇಲೆ ಬಾಡಿಸಿದ ಬಾಳೆಲೆ ಎರಡು, ಒಂದರೊಳಗೊಂದು ಮಡಚಿ ಇಟ್ಟಿದ್ದಳು.

ಎರಡೂ ಎಲೆ ಹಾಸಿದೆ, ಎರಡಕ್ಕೂ ಬಡಿಸಿದೆ. ಆಯಿ ಆ ಹೊತ್ತಿಗೆ ಮನೆ ಮುಟ್ಟಿ, ಅತ್ತಿಗೆಯ ಬಾಯಲ್ಲಿ ನಾನೂ ಉಣ್ಣದೆ ಓಡಿದ್ದನ್ನು ಕೇಳುತ್ತಿದ್ದಿರಬೇಕು.